ಒಡೆಯರ ದನಿ

ಶರಾವತಿಗೆ ಇನ್ನೂ ಸೇತುವೆ ಆಗಿರಲಿಲ್ಲ. ಕುಮಟೆಯ ಬಸ್ಸು ಹೊನ್ನಾವರದ ಬಂದರಿನಲ್ಲಿ ನಿಲ್ಲುತ್ತಿತ್ತು, ಭಟ್ಕಳದ ಬಸ್ಸು ಆಚೆ ದಡದ ಕಾಸರಕೋಡಿನಲ್ಲಿ ಕಾಯುತ್ತಿತ್ತು. ನಡುವಿನ ನೀರನ್ನು ಲಾಂಚಿನಲ್ಲಿ ದಾಟಬೇಕು. ಆ ಲಾಂಚುಗಳ ಒಡೆಯರು ಪಾಂಡುರಂಗ ಪ್ರಭುಗಳು.

ದೊಡ್ಡ ಲಾಂಚಿನಲ್ಲಿ ಟಿಕೆಟ್ ಹರಿಯುವವನು ಜಟ್ಟಿ ನಾಯ್ಕ. ಕೆಲಸದಲ್ಲಿ ಚುರುಕು. ಚಿಲ್ಲರೆಗೆ ಮೋಸವಿಲ್ಲ, ಕುಡಿತವಿಲ್ಲ, ರಜೆ ಕೇಳುವ ಪೈಕಿಯವನಲ್ಲ. ಅವನಿಗಿದ್ದದ್ದು ಒಂದೇ ಚಟ: ಬೇರೆಯವರ ದನಿ ತೆಗೆಯುವುದು. ಹೊಳೆ ಕಡಲು ಸೇರುವ ಅಳಿವೆಯ ಕಡೆಯಿಂದ ಗಾಳಿ ಎದ್ದು ಲಾಂಚು ಹೊಯ್ದಾಡಿ ಹೆಂಗಸರು ದೇವರ ಹೆಸರು ಹೇಳತೊಡಗಿದರೆ, ಜಟ್ಟಿ ನಡುವೆ ನಿಂತು ಕಚೇರಿಯ ಜವಾನನಾಗುತ್ತಿದ್ದ, ಮೀನು ಮಾರುವ ಮುದುಕಿಯಾಗುತ್ತಿದ್ದ, ಚೌಕಾಸಿ ಮಾಡುವ ಭಟ್ಟರಾಗುತ್ತಿದ್ದ. ನಕ್ಕು ನಕ್ಕು ಮುಗಿಯುವುದರೊಳಗೆ ದಡ ಬಂದಿರುತ್ತಿತ್ತು.

ಹಿಂದಿನ ವರ್ಷ ಪ್ರಭುಗಳಿಗೆ ಲಕ್ವ ಹೊಡೆಯಿತು. ಪ್ರಾಣ ಉಳಿಯಿತು, ಆದರೆ ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಮಾತು ನೀರಿನಲ್ಲಿ ನೆನೆಸಿದ ಹಾಗೆ ಬರುತ್ತಿತ್ತು. ಎರಡು ಮಾತಿಗೊಮ್ಮೆ ಪಂಚೆಯ ಚುಂಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಒಂದು ದಿನ ಲಾಂಚಿನಲ್ಲಿ ಯಾರೋ, "ಜಟ್ಟಿ, ನಿಮ್ಮ ಒಡೆಯರನ್ನೊಂದು ಮಾಡು ಕಾಂಬ" ಎಂದರು. ಜಟ್ಟಿ ಮಾಡಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಉಳಿದ ದನಿಗಳನ್ನು ಯಾರೂ ಕೇಳಲಿಲ್ಲ.

ಲಾಂಚು ನಡೆಸುವ ದೇವಪ್ಪ ಅವನಿಗಿಂತ ಹಿರಿಯ. "ಬ್ಯಾಡ ಮಾರಾಯಾ," ಅಂದ. "ಉಪ್ಪು ತಿಂಬ ಮನೆ ಅದು."

"ನಾನೆಂತ ಬೈತ್ನಾ? ನಗ್ಸುದಷ್ಟೇ ಅಲ್ದ?" ಎಂದ ಜಟ್ಟಿ.

ಅವನಿಗೆ ಆ ವರ್ಷ ಸಂಬಳ ಏರಲೇಬೇಕಿತ್ತು. ಹೆಂಡತಿ ಬೊಮ್ಮಿ ಹೊಳೆದಂಡೆಯ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದಳು. ಹಿಂದೆರಡು ಬಸುರು ನಿಂತಿರಲಿಲ್ಲ. ಈಗ ಮತ್ತೆ ಬಸುರಾಗಿದ್ದಳು. ತಲೆಹೊರೆ ಬಿಡಬೇಕು ಎಂದು ಸೂಲಗಿತ್ತಿ ಖಡಾಖಂಡಿತ ಹೇಳಿದ್ದಳು. ಪ್ರಭುಗಳು ಸಂಬಳ ಏರಿಸುವುದು ದೀಪಾವಳಿಯ ಲಕ್ಷ್ಮೀಪೂಜೆಯ ದಿನ. "ಹಬ್ಬದವರೆಗೆ ಒಂದು ತಡ್ಕ," ಎಂದಿದ್ದ ಜಟ್ಟಿ. "ಆಮೇಲೆ ಮನೇಲೇ ಕೂತ್ಕ." ಅವಳು ನಂಬಿದ್ದಳು.

ಹಬ್ಬ ಹತ್ತಿರವಾದಾಗ ಒಂದು ಮಧ್ಯಾಹ್ನ ಕಾಸರಕೋಡಿನಿಂದ ಹೊರಟ ಲಾಂಚು ತುಂಬಿತ್ತು. ಜನ ಕೇಳಿದರು, ಜಟ್ಟಿ ಬಾಯಿ ಸೊಟ್ಟ ಮಾಡಿದ, ಪಂಚೆಯ ಚುಂಗು ಎತ್ತಿದ. ಅಂದು ಅದು ಎಂದಿಗಿಂತ ಚೆನ್ನಾಗಿ ಬಂತು. ಟಿಕೆಟ್ ಹರಿಯುತ್ತ ಹೆಂಗಸರ ಸಾಲಿಗೆ ಹೋದಾಗ, ತಲೆಯ ಮೇಲೆ ಸೆರಗು ಹೊದ್ದು ಮೂಲೆಯಲ್ಲಿ ಕುಳಿತಿದ್ದ ಒಬ್ಬರು ಕೈ ಮುಂದೆ ಚಾಚಿದರು. ಅಂಗೈಯಲ್ಲಿ ಚಿಲ್ಲರೆ ಇತ್ತು. ಜಟ್ಟಿ ಮುಖ ನೋಡಿದ. ಪ್ರಭುಗಳ ಹೆಂಡತಿ.

ಅವನು ಟಿಕೆಟ್ ಪುಸ್ತಕ ಹಿಂದಕ್ಕೆಳೆದುಕೊಂಡ. "ಅಮ್ಮಾ, ನಿಮ್ಮ ಹತ್ರ ಟಿಕೆಟ್ ದುಡ್ಡು ತಕಂಬುದುಂಟಾ?"

"ತಕೋ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಟ ನೋಡಿದೆ ಅಲ್ವಾ. ಪುಕ್ಕಟೆ ನೋಡಬಾರದು."

ಮುಂದೆ ಏನೂ ಆಗಲಿಲ್ಲ. ಯಾರೂ ಕರೆಸಲಿಲ್ಲ, ಬೈಯಲಿಲ್ಲ. ಅಮ್ಮ ಹೇಳಿರಲಿಕ್ಕಿಲ್ಲ, ಗಂಡನಿಗೆ ಅದನ್ನೆಲ್ಲ ಹೇಗೆ ಹೇಳಿಯಾರು ಎಂದು ಜಟ್ಟಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ಲಾಂಚಿನಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿದ್ದ. ಜನ ಕೇಳಿದರೆ ಗಂಟಲು ನೋವು ಎನ್ನುತ್ತಿದ್ದ.

ಲಕ್ಷ್ಮೀಪೂಜೆಯ ಸಂಜೆ ಬಂದರಿನ ಆಫೀಸಿನಲ್ಲಿ ಎಲ್ಲರೂ ಸೇರಿದರು. ಮಂಗಳಾರತಿ ಆಯಿತು. ಪ್ರಭುಗಳು ಒಬ್ಬೊಬ್ಬರನ್ನೇ ಕರೆದು ಕೈಗೆ ಪ್ರಸಾದ ಕೊಟ್ಟು ಏರಿಸಿದ ಸಂಬಳ ಹೇಳಿದರು. ದೇವಪ್ಪನಿಗೆ ಏರಿತು. ನಿನ್ನೆ ಮೊನ್ನೆ ಸೇರಿದ ಹಗ್ಗ ಎಸೆಯುವ ಈರನಿಗೂ ಏರಿತು. ಜಟ್ಟಿಯ ಕೈಗೆ ಪ್ರಸಾದ ಮಾತ್ರ ಬಂತು. ಎಲ್ಲರೂ ಹೊರಟಾಗ ಪ್ರಭುಗಳು, "ಜಟ್ಟಿ, ನಿಲ್ಲು" ಎಂದರು.

ಅವನಿಂದಲೇ ಬಾಗಿಲು ಮುಚ್ಚಿಸಿದರು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತನ್ನು ಹೊರಗೆ ತಳ್ಳುತ್ತ ಹೇಳಿದರು: "ನನ್ನನ್ನು ಹೇಗೆ ಮಾಡ್ತೀಯೋ, ಮಾಡಿ ತೋರಿಸು."

ಜಟ್ಟಿ ಕಾಲಿಗೆ ಬಿದ್ದ. "ತಪ್ಪಾತು ಒಡೆಯಾ. ಇನ್ನೊಂದ್ಸಲ ಇಲ್ಲ."

"ಏಳು. ನಾನು ಬೈಯೂಕೆ ಕರೆದದ್ದಲ್ಲ." ಅವರು ಬಾಯಿ ಒರೆಸಿಕೊಂಡರು. "ಮಾತು ಹೇಗೆ ಬರ್ತದೆ ಅಂತ ನನಗೇ ಗೊತ್ತಾಗುದಿಲ್ಲ. ಮನೆಯಲ್ಲಿ ಕೇಳಿದರೆ ಸರಿಯಾಗೇ ಉಂಟು ಅಂತಾರೆ. ಡಾಕ್ಟರೂ ಹಾಗೇ ಹೇಳ್ತಾರೆ. ಊರಿಗೆಲ್ಲ ತೋರಿಸಿದ್ದೀಯಲ್ಲ, ನನಗೂ ತೋರಿಸು."

ಬಿಡುವ ಹಾಗಿರಲಿಲ್ಲ. ಜಟ್ಟಿ ಎದ್ದು ನಿಂತು ಬಾಯಿ ಓರೆ ಮಾಡಿದ. ಲಾಂಚಿನಲ್ಲಿ ತಾನಾಗಿ ಹರಿದು ಬರುತ್ತಿದ್ದ ಆ ದನಿ ಇಲ್ಲಿ ಎರಡು ಮಾತಿಗೆ ಒಡೆಯಿತು. ಆದರೆ ಆ ಎರಡು ಮಾತೇ ಸಾಕಾಗಿತ್ತು. ಪ್ರಭುಗಳ ಮುಖ ಬಿಳಿಚಿತು.

"ಅಷ್ಟು ಕೆಟ್ಟು ಹೋಗಿದೆಯಾ?"

"ಇಲ್ಲ ಒಡೆಯಾ. ನಾ ಜಾಸ್ತಿ ಮಾಡಿ ತೋರ್ಸುದು. ನಗುಕಂತ."

"ಸುಳ್ಳು ಹೇಳಬೇಡ." ಅವರು ಕುರ್ಚಿಗೆ ಒರಗಿದರು. "ನಿನ್ನ ಕೆಲಸ ತೆಗೆಯುದಿಲ್ಲ. ನಿನ್ನಂಥ ಕೆಲಸದವ ನನಗೆ ಸಿಗುದಿಲ್ಲ. ಆದರೆ ನನ್ನ ಕೈಯಿಂದ ನಿನಗೆ ಏರಿಸುಕೆ ಮನಸ್ಸು ಬರುದಿಲ್ಲ. ಹೋಗು."

ಬೊಮ್ಮಿಯ ಸುದ್ದಿ ಜಟ್ಟಿಯ ನಾಲಗೆಯ ತುದಿಯವರೆಗೆ ಬಂದಿತ್ತು. ಆ ಮುಖ ನೋಡಿ ಅದು ಅಲ್ಲೇ ಉಳಿಯಿತು.

ಮನೆಯಲ್ಲಿ ಬೊಮ್ಮಿ ಕೇಳಿದಾಗ, "ಈ ವರ್ಷ ಯಾರಿಗೂ ಇಲ್ಲ" ಎಂದ. ಅವಳು "ಆತು" ಎಂದಳು. ಮರುವಾರ ಕಾರ್ಖಾನೆಯಲ್ಲಿ ದೇವಪ್ಪನ ಹೆಂಡತಿ ಮಾದಿ ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟಳು. ಬೊಮ್ಮಿ ಜಗಳ ಮಾಡಲಿಲ್ಲ. ಊಟ ಬಡಿಸುವಾಗ ಒಂದೇ ಮಾತು ಕೇಳಿದಳು: "ಅವ್ರ ದನಿ ತೆಗುವಾಗ, ಅವ್ರಿಗೆ ನೋವಾತದೆ ಅಂತ ಒಂದ್ಸಲನೂ ಅನ್ಸಲಿಲ್ವಾ?"

ಜಟ್ಟಿಗೆ ಅನ್ನಿಸಿತ್ತು. ಜನ ನಗುವಾಗ ಮರೆತುಹೋಗುತ್ತಿತ್ತು.

"ಕೆಲಸ ಬಿಟ್ಟುಬಿಡು," ಎಂದ. "ಹೆಂಗಾದ್ರೂ ಆತದೆ."

"ಹೆಂಗೆ?" ಎಂದಳು ಬೊಮ್ಮಿ. ಬೆಳಿಗ್ಗೆ ಎದ್ದು ಅವಳು ಎಂದಿನಂತೆ ತಲೆಹೊರೆಯ ಸಿಂಬಿ ಹಿಡಿದು ಹೊರಟಳು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಮಣ್ಣು ತುಂಬಿದ ಬುಟ್ಟಿ ಹೊತ್ತು ದೋಣಿಯಿಂದ ದಡಕ್ಕೆ ಹಾಕಿದ ಹಲಗೆಯ ಮೇಲೆ ಬರುವಾಗ ಅವಳ ಕಾಲು ಜಾರಿತು. ಹೆಂಗಸರು ಎತ್ತಿ ಮನೆಗೆ ತಂದರು. ಎದುರು ಬಂದ ದೋಣಿಯವರು ಜಟ್ಟಿಗೆ ಸುದ್ದಿ ಕೂಗಿ ಹೇಳಿದಾಗ ಲಾಂಚು ಹೊಳೆಯ ನಡುವೆ ಇತ್ತು. ದೇವಪ್ಪ ಲಾಂಚಿನ ವೇಗ ಹೆಚ್ಚಿಸಿದ. ಆದರೂ ಅವನು ಮನೆ ಮುಟ್ಟುವಷ್ಟರಲ್ಲಿ ಸೂಲಗಿತ್ತಿ ಕೈ ತೊಳೆದುಕೊಳ್ಳುತ್ತಿದ್ದಳು. ಬೊಮ್ಮಿ ಬದುಕಿದಳು.

ದೇವಪ್ಪನಿಂದ ವಿಷಯ ತಿಳಿದು ಪ್ರಭುಗಳು ಜಟ್ಟಿಯನ್ನು ಕರೆಸಿದರು.

"ಅಂದೇ ನನಗೆ ಹೇಳಬಾರದಿತ್ತೇನೋ?"

"ಯಾವ ಬಾಯಿಂದ ಹೇಳುದು ಒಡೆಯಾ?"

ಆ ತಿಂಗಳಿನಿಂದಲೇ ಜಟ್ಟಿಯ ಸಂಬಳ ಏರಿತು.

ಅವನು ಅದನ್ನು ಬೊಮ್ಮಿಗೆ ಹೇಳಿದ. "ಇನ್ನು ನೀ ಹೋಗುದು ಬ್ಯಾಡ," ಎಂದ. ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಮೈಯಲ್ಲಿ ಶಕ್ತಿ ಬಂದ ಕೂಡಲೇ ಒಂದು ಬೆಳಿಗ್ಗೆ ಸೀರೆ ಎತ್ತಿ ಕಟ್ಟಿಕೊಂಡಳು.

"ಮನೇಲಿ ಕೂತು ಎಂತ ಮಾಡುದು?" ಎಂದಳು. "ಕೂತ್ರೆ ಅದೇ ನೆನಪು."

ಅವನು ತಡೆಯಲಿಲ್ಲ. ಆ ದಿನ ಲಾಂಚು ದಡ ಬಿಟ್ಟಾಗ ದೂರದ ಕಾರ್ಖಾನೆಯ ಹತ್ತಿರ ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ಹಲಗೆಯ ಮೇಲೆ ನಡೆಯುತ್ತಿದ್ದರು. ಅವರಲ್ಲಿ ಬೊಮ್ಮಿ ಯಾರೆಂದು ಅಷ್ಟು ದೂರದಿಂದ ತಿಳಿಯಲಿಲ್ಲ. ಯಾರೋ ಟಿಕೆಟ್ಟಿಗೆ ಕೈ ಚಾಚಿದರು. ಜಟ್ಟಿ ಹರಿದುಕೊಟ್ಟು ಮುಂದೆ ಹೋದ.