ತೋಳಿನ ಅಳತೆ

ಮಾರ್ ದೆಲ್ ಪ್ಲಾತಾ ಊರಿನ ಕಡಲ ಗಾಳಿಗೆ ಕಬ್ಬಿಣ ಸಿಕ್ಕಿದರೆ ಇರುವೆಗೆ ಬೆಲ್ಲ ಸಿಕ್ಕಂತೆ. ಬಾಗಿಲ ಚಿಲಕ, ಸೈಕಲ್ಲಿನ ಸರಪಳಿ, ಫ್ರಿಜ್ಜಿನ ಬೆನ್ನು, ಯಾವುದನ್ನೂ ಬಿಡುವುದಿಲ್ಲ. ಎಲ್ವಿಯೊನ ಮನೆಯ ಹಿಂದಿನ ಹೆಣಿಗೆ ಕೋಣೆಯಲ್ಲಿದ್ದ ಕಂಪ್ಯೂಟರನ್ನು ಅದು ಇಪ್ಪತ್ತು ವರ್ಷ ಮೆಲ್ಲಗೆ ಮೆದ್ದು ಕೊನೆಗೆ ಮೇ ತಿಂಗಳಲ್ಲಿ ಮುಗಿಸಿತು. ರಿಪೇರಿಯ ತೂಲಿಯೊ ಬಂದು ಡಬ್ಬಿ ಬಿಚ್ಚಿದಾಗ ಒಳಗಿನ ಹಲಗೆಯ ಮೇಲೆ ಪಾಚಿಯಂತೆ ಹಸಿರು ಕಿಲುಬು ಹಬ್ಬಿತ್ತು.

"ಇದರ ಕತೆ ಮುಗೀತು, ಡೋನ್ ಎಲ್ವಿಯೊ," ಅಂದ ತೂಲಿಯೊ. "ಇದಕ್ಕೆ ಡಾಕ್ಟರ್ ಬೇಡ, ಪಾದ್ರೀನ ಕರೀರಿ."

ಅಂದ ಮೇಲೆ ನಾಲಗೆ ಕಚ್ಚಿಕೊಂಡ. ಆ ಮನೆಗೆ ಪಾದ್ರಿ ಬಂದುಹೋಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಎಲ್ವಿಯೊನ ಹೆಂಡತಿ ದೆಲ್ಮಾ ಮಾರ್ಚ್ ಕೊನೆಯಲ್ಲಿ ತೀರಿಕೊಂಡಿದ್ದಳು.

ಎಲ್ವಿಯೊಗೆ ಆ ಮಾತು ಕೇಳಿಸಿದಂತೆ ಕಾಣಲಿಲ್ಲ. "ಇನ್ನೊಂದು ತಂದುಕೊಡು," ಅಂದ. "ಹಳೇದೇ ಸಾಕು. ಆದ್ರೆ ಅದರಲ್ಲಿ ವಿಂಡೋಸ್ ತೊಂಬತ್ತೆಂಟು ಓಡ್ಬೇಕು."

ತೂಲಿಯೊಗೆ ಇದು ಹೊಸ ಮಾತಲ್ಲ. ಸ್ವೆಟರಿನ ಅಂಗಡಿಗಳ ಆ ಬೀದಿಯಲ್ಲಿ ಹೆಣಿಗೆ ಯಂತ್ರಗಳಿಗೆ ನಲವತ್ತು ವರ್ಷದ ಆಯಸ್ಸು. ಅವುಗಳಿಗೆ ನಕ್ಷೆ ಕೊಡುವ ಕಂಪ್ಯೂಟರಿಗೆ ಹತ್ತೂ ಕಷ್ಟ. ನಕ್ಷೆ ಬಿಡಿಸುವ ತಂತ್ರಾಂಶ ಮಾಡಿದವರು ಎಂದೋ ಅಂಗಡಿ ಮುಚ್ಚಿದ್ದರು. ಹೊಸ ಕಂಪ್ಯೂಟರುಗಳಿಗೆ ಅದು ಯಾವ ಭಾಷೆಯೆಂದೇ ತಿಳಿಯುತ್ತಿರಲಿಲ್ಲ. ಹೀಗಾಗಿ ಊರಿನ ಉಳಿದವರು ಕಂಪ್ಯೂಟರನ್ನು ಹೊಸದು ಮಾಡಿಸಲು ಓಡಾಡಿದರೆ, ಹೆಣಿಗೆಯವರು ಹಳೆಯದು ಮಾಡಿಸಲು ತೂಲಿಯೊನನ್ನು ಹುಡುಕಿಕೊಂಡು ಹೋಗುತ್ತಿದ್ದರು. ಕಚೇರಿಗಳು ಎಸೆದದ್ದನ್ನು ತಂದು, ಹತ್ತು ಹದಿನೈದು ವರ್ಷ ಹಿಂದಕ್ಕೆ ನಡೆಸಿ ಕೊಡುವುದು ಅವನ ಕಸುಬು.

"ಮತ್ತೆ ಕೆಲಸ ಶುರು ಮಾಡ್ತೀರಾ?" ತೂಲಿಯೊ ಕೇಳಿದ.

"ಇಲ್ಲ. ಎರಡು ತೋಳು ಹೆಣೀಬೇಕು, ಅಷ್ಟೆ."

ಆ ಮನೆಯಲ್ಲಿ ನಕ್ಷೆ ಬಿಡಿಸುವುದು ದೆಲ್ಮಾ, ಯಂತ್ರ ಓಡಿಸುವುದು ಎಲ್ವಿಯೊ, ಬೆನ್ನು, ಎದೆ, ತೋಳುಗಳನ್ನು ಕೂಡಿಸಿ ಹೊಲಿಯುವುದು ದೆಲ್ಮಾಳ ಅಕ್ಕ ಒತಿಲಿಯಾ. ಮೂವರೂ ಸೇರಿ ಅರ್ಧ ಊರಿಗೆ ಸ್ವೆಟರ್ ತೊಡಿಸಿದ್ದರು. ಎಲ್ವಿಯೊ ಮಾತ್ರ ಜೀವಮಾನವಿಡೀ ಹಾಕಿಕೊಂಡದ್ದು ಅಂಗಡಿಯವರು ವಾಪಸು ಕಳಿಸಿದ ಮಾಲು: ಒಂದರಲ್ಲಿ ಹೊಲಿಗೆ ಜಾರಿದೆ, ಇನ್ನೊಂದರಲ್ಲಿ ಜಿಂಕೆಗೆ ಮೂರೇ ಕಾಲು. ತನ್ನ ಕಾಯಿಲೆ ಏನೆಂದು ಗೊತ್ತಾದ ಬೇಸಿಗೆಯಲ್ಲಿ (ಆ ಊರಿಗೆ ಬೇಸಿಗೆ ಬರುವುದು ಡಿಸೆಂಬರಿಗೆ) ದೆಲ್ಮಾ ಒಂದು ದಿನ, "ಬೇರೆಯೋರು ಬೇಡ ಅಂದಿದ್ದೆಲ್ಲ ನಿನ್ನ ಮೈಗೆ ಹಾಕಿದ್ದು ಸಾಕು. ಇದು ನಿಂಗಂತಲೇ," ಎಂದು ಕೂತಳು. ದ್ರಾಕ್ಷಾರಸದ ಬಣ್ಣದ ನೂಲು ಆರಿಸಿದಳು. ಜನವರಿಯಲ್ಲಿ ಬೆನ್ನು ಬಂತು, ಫೆಬ್ರವರಿಯಲ್ಲಿ ಎದೆ ಬಂತು. ನೂಲು ಸುತ್ತಿದ್ದ ಕೋನಿನಲ್ಲಿ ಉಳಿದದ್ದು ಎರಡು ತೋಳಿಗೆ ಸರಿಯಾಗಿತ್ತು.

ತೋಳಿನ ವಿಷಯದಲ್ಲಿ ದೆಲ್ಮಾಳದು ಒಂದು ಕಟ್ಟುನಿಟ್ಟು. ಬೆನ್ನನ್ನು ಕಣ್ಣಳತೆಯಲ್ಲಿ ಬಿಡಿಸುತ್ತಿದ್ದಳು, ಎದೆಯನ್ನು ಹಳೇ ಶರ್ಟು ನೋಡಿ ಬಿಡಿಸುತ್ತಿದ್ದಳು, ತೋಳನ್ನು ಮಾತ್ರ ಟೇಪು ಹಿಡಿಯದೆ ಬಿಡಿಸಿದವಳಲ್ಲ. ಹತ್ತು ಸಲ ತೊಡಿಸಿದ ಗಿರಾಕಿಯಾದರೂ ಮತ್ತೆ ಕೈ ಚಾಚಿ ನಿಲ್ಲಲೇಬೇಕು. "ಬಾ ಇಲ್ಲಿ, ಕೈ ಚಾಚು," ಎಂದು ಅವಳು ಫೆಬ್ರವರಿಯಿಡೀ ಎಲ್ವಿಯೊನನ್ನು ಕರೆದಳು.

"ನಾಳೆ ತಗೊ," ಅನ್ನುತ್ತಿದ್ದ ಅವನು.

"ನಿನ್ನ ಕೈಯೇನು ನಾಳೆ ಬೆಳೆಯುತ್ತಾ?"

"ಬೆಳೆದ್ರೂ ಬೆಳೀಬಹುದು. ನಾಳೆ ತಗೊ."

ಅವಳು ಅದನ್ನು ಸೋಮಾರಿತನ ಎಂದುಕೊಂಡಳು, ಇಲ್ಲವೆ ಹಾಗೆ ತೋರಿಸಿಕೊಂಡಳು. ನಿಜ ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೈಯಲ್ಲಿ ಅರ್ಧ ಮುಗಿದ ಕೆಲಸವಿರುವ ಹೆಂಗಸು ಎದ್ದು ಹೋಗುವುದಿಲ್ಲ ಎಂದು ಅವನು ನಂಬಿಕೊಂಡಿದ್ದ. ದೆಲ್ಮಾಳನ್ನು ಬಲ್ಲವನಿಗೆ ಹಾಗೆ ನಂಬಲು ಕಾರಣಗಳಿದ್ದವು. ಒಲೆಯ ಮೇಲೆ ಸಾರು ಸೀಯುತ್ತಿದ್ದರೂ ಸಾಲು ಮುಗಿಯುವ ತನಕ ಅವಳು ಕುರ್ಚಿ ಬಿಟ್ಟವಳಲ್ಲ. ತೋಳು ಬಾಕಿ ಇರುವಷ್ಟು ದಿನ ಅವಳೂ ಇರುತ್ತಾಳೆ.

ಮಾರ್ಚಿನಲ್ಲಿ ಅವಳು ಟೇಪಿನ ಮಾತು ಎತ್ತುವುದನ್ನೇ ಬಿಟ್ಟಳು. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ ಅವನ ಮಣಿಕಟ್ಟು ಹಿಡಿದು ನಡೆಯುತ್ತಿದ್ದಳು. ಭುಜ ಹಿಡಿ, ಆಸರೆಯಾಗುತ್ತದೆ ಅಂದರೂ ಕೇಳಲಿಲ್ಲ. ಒಂದು ಮಧ್ಯಾಹ್ನ ಅವನು ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವಳು ಹೆಣಿಗೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಒಬ್ಬಳೇ ಗೋಡೆ ಹಿಡಿದುಕೊಂಡು ಅಲ್ಲಿಗೆ ಹೇಗೆ ಬಂದಳೋ. ಅವನನ್ನು ಕಂಡು ಫ್ಲಾಪಿಯನ್ನು ಹೊರಗೆಳೆದು, ಉಳಿದವುಗಳ ಜೊತೆ ಡಬ್ಬಿಗೆ ಹಾಕಿದಳು. ಫ್ಲಾಪಿಯ ಚೀಟಿಯ ಮೇಲೆ "ಎಲ್ವಿಯೊ, ತೋಳು" ಎಂದು ಬರೆದಿತ್ತು.

ಎಲ್ವಿಯೊ ಈಗ ಆತುಕೊಂಡಿದ್ದದ್ದು ಆ ಚೀಟಿಯನ್ನು. ಅದನ್ನು ತೆರೆದು ನೋಡಲು ಅವನಿಗೆ ಮೇ ತಿಂಗಳವರೆಗೆ ಧೈರ್ಯ ಬರಲಿಲ್ಲ. ಧೈರ್ಯ ಬಂದ ದಿನ ಕಂಪ್ಯೂಟರ್ ಹೊತ್ತಲಿಲ್ಲ.

ತೂಲಿಯೊ ಮುಂದಿನ ಶನಿವಾರ ಒಂದು ಕಪ್ಪು ಡಬ್ಬಿಯನ್ನು ಎದೆಗವಚಿಕೊಂಡು ಬಂದ. ಬಾಗಿಲು ತೆಗೆದದ್ದು ಒತಿಲಿಯಾ. ಅವಳು ಹೊಲಿಯದೆ ಇಟ್ಟಿದ್ದ ಬೆನ್ನು, ಎದೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು.

"ಎಲ್ಲಿಂದ ಎತ್ಕೊಂಡು ಬಂದೆಯೋ ಇದನ್ನ?"

"ಹಲ್ಲಿನ ಡಾಕ್ಟರ್ದು, ಡೋನ್ಯ ಒತಿಲಿಯಾ. ಕ್ಲಿನಿಕ್ ಮುಚ್ಚಿದ್ರು. ಫ್ಲಾಪಿಗೆ ಜಾಗ ಇದೆ, ಪ್ರಿಂಟರಿನ ಹಳೇ ಕಿಂಡಿನೂ ಇದೆ. ಇಂಥದ್ದು ಈಗ ದೀಪ ಹಾಕಿ ಹುಡುಕಿದ್ರೂ ಸಿಗಲ್ಲ."

ಹೊತ್ತಿಸಿದಾಗ ತೆರೆಯ ತುಂಬ ಯಾರದೋ ದವಡೆಗಳ ಎಕ್ಸ್-ರೇ. ಒತಿಲಿಯಾ ಕನ್ನಡಕ ಏರಿಸಿ ಬಗ್ಗಿದಳು. "ಇದರಲ್ಲಿ ನಂದೂ ಇರ್ಬೇಕು. ಆ ಕೆಳಗಡೆ ಕೊಳೆತಿರೋದು ನೋಡು, ನಂದೇ."

"ಎಲ್ಲಾ ಹೋಗತ್ತೆ," ಅಂದ ತೂಲಿಯೊ. "ಹಿಂದಕ್ಕೆ ಹೋಗ್ಬೇಕಂದ್ರೆ ಇರೋದನ್ನೆಲ್ಲ ಮೊದಲು ಅಳಿಸ್ಬೇಕು. ಅಳಿಸ್ಲಾ, ಡೋನ್ ಎಲ್ವಿಯೊ?"

"ನನ್ನ ಯಾಕೆ ಕೇಳ್ತೀಯ? ನನ್ನ ಹಲ್ಲಲ್ಲ."

"ಕೇಳೋದು ನನ್ನ ಪದ್ಧತಿ."

ಡಿಸ್ಕು ಖಾಲಿಯಾಗುತ್ತಿದ್ದಾಗ ಒತಿಲಿಯಾ ಸೋರೆ ಬುರುಡೆಯಲ್ಲಿ ಮಾಟೆ ಎಲೆಯ ಪುಡಿ ಹಾಕಿ ಬಿಸಿನೀರು ಹೊಯ್ದಳು. ಬುರುಡೆ ಕೈಯಿಂದ ಕೈಗೆ ಸುತ್ತಿತು. ಮೊದಲು ಈ ಕೋಣೆಯಲ್ಲಿ ಹೊಯ್ಯುತ್ತಿದ್ದವಳು ದೆಲ್ಮಾ, ಅವಳ ಕೈಯದು ಇಷ್ಟು ಕಹಿ ಇರುತ್ತಿರಲಿಲ್ಲ. ಎಲ್ವಿಯೊ ನಳಿಗೆ ಹೀರಿದ.

"ತೋಳಿಲ್ಲದ್ದನ್ನೇ ಹಾಕ್ಕೊಳಪ್ಪ," ಒತಿಲಿಯಾ ಚೀಲ ತಟ್ಟಿದಳು. "ಎರಡೂ ಕಡೆ ಅಂಚು ಹೊಲಿದು ಕೊಟ್ಬಿಡ್ತೀನಿ. ಶರ್ಟಿನ ಮೇಲೆ ಹಾಕ್ಕೊಂಡು ಕಡಲ ದಂಡೇಲಿ ಕೂತ್ರೆ ನಿನ್ನ ರಿಟೈರಾದ ಬ್ಯಾಂಕ್ ಮ್ಯಾನೇಜರ್ ಅಂದ್ಕೋತಾರೆ."

"ಅವಳು ತೋಳು ಬಿಡಿಸಿದಾಳೆ. ಚೀಟಿ ಮೇಲೆ ಬರೆದಿದಾಳೆ."

"ಬರೆದಿರ್ಬಹುದು. ಟೇಪ್ ಹಿಡೀದೆ ನನ್ನ ತಂಗಿ ಯಾರಿಗಾದ್ರೂ ತೋಳು ಬಿಡಿಸಿದ್ದು ನೀನು ನೋಡಿದೀಯಾ?"

"ಇಷ್ಟು ವರ್ಷ ನನ್ನ ಕೈ ನೋಡಿದೋಳಿಗೆ ಟೇಪ್ ಯಾತಕ್ಕೆ?"

ಒತಿಲಿಯಾ ಬುರುಡೆಯನ್ನು ತೂಲಿಯೊನತ್ತ ಚಾಚಿದಳು.

ಹಳೆಯ ಸೀಡಿ ಗಿರಗಿರ ಸುತ್ತಿ, ಅರ್ಧ ದಾರಿಯಲ್ಲಿ ನಿಂತಿತು. ತೆರೆಯ ಮೇಲೆ ಮೆಮೊರಿ ಸಾಲುತ್ತಿಲ್ಲ ಎಂಬ ಬರಹ. ಎಲ್ವಿಯೊನ ಮುಖ ಬಿಳಿಚಿತು.

"ಹೆದರ್ಬೇಡಿ," ತೂಲಿಯೊ ಡಬ್ಬಿಯ ಪಕ್ಕ ಬಿಚ್ಚಿದ. "ಸಾಲದೆ ಅಲ್ಲ, ಜಾಸ್ತಿಯಾಗಿ ಹೀಗಂತಿದೆ. ಇಷ್ಟೊಂದು ಮೆಮೊರಿ ಈ ವಿಂಡೋಸು ಜನ್ಮದಲ್ಲಿ ಕಂಡಿಲ್ಲ. ತಟ್ಟೆ ತುಂಬ ಬಡಿಸಿದ್ರೆ ಹಸಿವು ಅಂತ ಅಳೋ ಮಗು ಇದು." ಒಳಗಿದ್ದ ಎರಡು ಮೆಮೊರಿ ಪಟ್ಟಿಗಳನ್ನೂ ಕಿತ್ತು, ಜೇಬಿನಿಂದ ಚಿಕ್ಕದೊಂದನ್ನು ತೆಗೆದು ಒತ್ತಿ ಕೂರಿಸಿದ. ಸೀಡಿ ಮತ್ತೆ ಸುತ್ತಿತು. ಈ ಸಲ ನಿಲ್ಲಲಿಲ್ಲ.

ಸಂಜೆಯ ಹೊತ್ತಿಗೆ ತೆರೆಯ ಮೇಲೆ ಆ ಹಳೆಯ ಹಸಿರು-ನೀಲಿ ಬಂತು. ದೆಲ್ಮಾಳ ಬೆನ್ನಿನ ಹಿಂದೆ ಕೋಣೆಯ ತುಂಬ ಚೆಲ್ಲಿರುತ್ತಿದ್ದ ಬಣ್ಣ ಅದು. ಎಲ್ವಿಯೊ ಕುರ್ಚಿಯ ಬೆನ್ನು ಹಿಡಿದುಕೊಂಡ. ತೂಲಿಯೊ ಹೆಣಿಗೆಯ ತಂತ್ರಾಂಶ ಹಾಕಿ, ಯಾರೂ ನಕಲು ಮಾಡದಂತೆ ಅದರ ಜೊತೆ ಬಂದಿದ್ದ ಬೀಗದ ಬಿರಡೆಯನ್ನು ಹಿಂದಿನ ಕಿಂಡಿಗೆ ಚುಚ್ಚಿ, ಸತ್ತ ಕಂಪ್ಯೂಟರಿನಿಂದ ಕಿತ್ತ ಫ್ಲಾಪಿ ಡ್ರೈವನ್ನು ಹೊಸದಕ್ಕೆ ಕಟ್ಟಿದ.

ಮೊದಲು ಎದೆಯ ಫ್ಲಾಪಿ. ಕರಕರ ಸದ್ದಾಗಿ ಅದು ತೆರೆಯಿತು. ಚೌಕಳಿಯ ಮೇಲೆ ಚುಕ್ಕೆಚುಕ್ಕೆಯಾಗಿ ಕತ್ತು, ಭುಜ, ಕೆಳಗಡೆ ಅಲೆಯಂಥ ಒಂದು ಸಾಲು. ಈ ತೆರೆಗೆ ಹದಿನಾರು ಬಣ್ಣ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ದೆಲ್ಮಾಳ ದ್ರಾಕ್ಷಾರಸ ಅಲ್ಲಿ ಮೆಣಸಿನಕಾಯಿಯಂತೆ ಉರಿಯುತ್ತಿತ್ತು.

"ಇದೇನು ಫೈರ್ ಎಂಜಿನ್ನಾ?" ಅಂದಳು ಒತಿಲಿಯಾ.

"ಬಣ್ಣ ನಾಳೆ ಸರಿ ಮಾಡ್ತೀನಿ," ಅಂದ ತೂಲಿಯೊ.

"ಬಣ್ಣ ಬೇಡ," ಅಂದ ಎಲ್ವಿಯೊ. "ತೋಳು ಹಾಕು."

ತೋಳಿನ ಫ್ಲಾಪಿಯನ್ನು ಡ್ರೈವು ಓದಲಿಲ್ಲ. ಎರಡನೆಯ ಸಲವೂ ಓದಲಿಲ್ಲ. ಇದನ್ನು ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿತು. ತೂಲಿಯೊ "ಯಾರೂ ಮುಟ್ಬೇಡಿ" ಎನ್ನುತ್ತಲೇ ಫ್ಲಾಪಿ ಹೊರಗೆ ತೆಗೆದ. ತಗಡಿನ ಮುಚ್ಚಳ ಸರಿಸಿ, ದೆಲ್ಮಾಳ ಇಂಜೆಕ್ಷನ್ನಿಗೆಂದು ತಂದು ಮಿಕ್ಕಿದ್ದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಒಳಗಿನ ತೆಳು ಬಿಲ್ಲೆಯನ್ನು ಸುತ್ತಲೂ ಒರೆಸಿದ. ಹತ್ತಿಗೆ ಕಂದು ಬಣ್ಣ ಹತ್ತಿತು. ಆರಲು ಬಿಟ್ಟರು. ಹೊರಗೆ ಗಾಳಿ ತಗಡಿನ ಸೂರನ್ನು ಬಡಿಯುತ್ತಿತ್ತು.

ಮೂರನೆಯ ಸಲ ಡ್ರೈವು ಉಸಿರೆಳೆದುಕೊಂಡಂತೆ ಸದ್ದು ಮಾಡಿ ಓದಿತು.

ತೆರೆಯ ಮೇಲೆ ಚೌಕಳಿ ಬಂತು. ಮೇಲೆ ಅವನ ಹೆಸರು. ಅದರ ಕೆಳಗೆ ಖಾಲಿ. ತೂಲಿಯೊ ಕೆಳಮುಖ ಬಾಣದ ಗುಂಡಿ ಒತ್ತಿದ. ಖಾಲಿ ಚೌಕಗಳು ಸಾಲು ಸಾಲಾಗಿ ಮೇಲೇರುತ್ತ ಹೋದವು. ಎಲ್ವಿಯೊ ತೆರೆಗೆ ಮುಖ ಹತ್ತಿರ ತಂದು, "ಇನ್ನೂ ಕೆಳಗೆ," ಅಂದ. "ಇನ್ನೂ."

ತೀರಾ ತಳದಲ್ಲಿ ಮಣಿಕಟ್ಟಿನ ಪಟ್ಟಿ ಇತ್ತು. ಎರಡು ಹೆಣಿಗೆ ಉಲ್ಟಾ, ಎರಡು ಸೀದಾ, ಬೆರಳಗಲದ ಅಲೆಯ ಸಾಲು, ಮತ್ತೆ ಎರಡು ಉಲ್ಟಾ. ಅಷ್ಟನ್ನು ಅಚ್ಚುಕಟ್ಟಾಗಿ ಬಿಡಿಸಿ, ತೋಳು ಶುರುವಾಗುವ ಕಡೆ ನಿಲ್ಲಿಸಿದ್ದಳು. ಅಲ್ಲಿಂದ ಮೇಲಕ್ಕೆ ಅವಳಿಗೆ ಅಳತೆ ಗೊತ್ತಿರಲಿಲ್ಲ.

"ಪಟ್ಟಿ ಮಾತ್ರ ಹ್ಯಾಗೆ ಹಾಕಿದ್ಲು?" ಒತಿಲಿಯಾ ಮೆಲ್ಲಗೆ ಕೇಳಿದಳು. "ಅದಕ್ಕೂ ಟೇಪ್ ಬೇಕಲ್ಲ."

ಎಲ್ವಿಯೊ ತನ್ನ ಎಡಗೈ ಮಣಿಕಟ್ಟನ್ನು ನೋಡಿಕೊಂಡ. ಬಲಗೈಯ ಹೆಬ್ಬೆರಳು, ತೋರುಬೆರಳಿನಿಂದ ಅದನ್ನು ಸುತ್ತಿ ಹಿಡಿದ. ಹಾಗೆ ಹಿಡಿದು ನಡೆಯುತ್ತಿದ್ದ ಅವಳ ಬೆರಳು ಚಿಕ್ಕವು. ತುದಿಗಳು ಸೇರುತ್ತಿರಲಿಲ್ಲ, ನಡುವೆ ಎಷ್ಟು ಜಾಗ ಉಳಿಯುತ್ತಿತ್ತೆಂದು ಅವಳಿಗೆ ಗೊತ್ತಿದ್ದಿರಬೇಕು. ಅವನು ಎದ್ದು ಹೋಗಿ ಯಂತ್ರದ ಮೇಲಿನ ಹೊದಿಕೆ ಎಳೆದ, ದ್ರಾಕ್ಷಾರಸದ ಕೋನನ್ನು ಮೊಳೆಗೆ ಸಿಕ್ಕಿಸಿದ, ನೂಲಿನ ತುದಿಯನ್ನು ಯಂತ್ರದ ಕಣ್ಣಿಗೆ ಪೋಣಿಸಿದ. ತೂಲಿಯೊ ನಕ್ಷೆಯನ್ನು ಯಂತ್ರಕ್ಕೆ ಕಳಿಸಿದ.

ಯಂತ್ರದ ಗಾಡಿ ಸೂಜಿಗಳ ಸಾಲಿನ ಮೇಲೆ ಆಚೆ ಹೋಯಿತು, ಈಚೆ ಬಂತು. ಮಾರ್ಚಿನಿಂದ ಆ ಮನೆಯಲ್ಲಿ ಇಲ್ಲದ ಸದ್ದು. ಅಂಗೈಯಗಲದ ತುಂಡು ಇಳಿದ ಮೇಲೆ ನಕ್ಷೆ ಮುಗಿದು ಯಂತ್ರ ತಾನಾಗಿ ನಿಂತಿತು. ಎಲ್ವಿಯೊನ ಕೈ ಯಂತ್ರದ ಹಿಡಿಯ ಮೇಲೇ ಇತ್ತು, ಇನ್ನೂ ಬರುತ್ತದೆ ಎಂಬಂತೆ.

ತುಂಡನ್ನು ಬಿಡಿಸಿ ಮಣಿಕಟ್ಟಿಗೆ ಸುತ್ತಿಕೊಂಡ. ಅಂಚುಗಳು ಒಂದಕ್ಕೊಂದು ಬಂದು ಕೂತವು, ಬಿಗಿಯೂ ಇಲ್ಲ, ಸಡಿಲವೂ ಇಲ್ಲ.

ತೂಲಿಯೊ ತನ್ನ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿದ. ಒತಿಲಿಯಾ ಮಾಟೆ ಮುಂದೆ ಮಾಡಿದಾಗ, "ಥ್ಯಾಂಕ್ಸ್, ಡೋನ್ಯ, ಸಾಕು," ಅಂದು ಸದ್ದಿಲ್ಲದೆ ಹೊರಟ. ಬಾಗಿಲಲ್ಲಿ ನಿಂತು, "ಬಣ್ಣ ಸರಿ ಮಾಡೋಕೆ ಬರ್ತೀನಿ," ಅಂದ.

ಒತಿಲಿಯಾ ಮೇಜಿನ ಖಾನೆ ಎಳೆದಳು. ದೆಲ್ಮಾಳ ಟೇಪು ಸುರುಳಿ ಸುತ್ತಿ ಅಲ್ಲೇ ಇತ್ತು. ಅದನ್ನು ಬಿಚ್ಚಿ ಎಲ್ವಿಯೊನ ಹತ್ತಿರ ಬಂದಳು.

"ನಕ್ಷೆ ನಾನೂ ಬಿಡಿಸಬಲ್ಲೆ. ಅವಳಷ್ಟು ಚೆಂದ ಬರಲ್ಲ, ಆದ್ರೆ ತೋಳು ತೋಳೇ. ಚಳಿಗಾಲ ಮುಂದಿದೆ. ನಿಂತ್ಕೊ, ಕೈ ಚಾಚು."

ಎಲ್ವಿಯೊ ನಿಂತ. ಪಟ್ಟಿ ಸುತ್ತಿದ್ದ ಕೈಯನ್ನು ಎತ್ತಿದ. ಅರ್ಧಕ್ಕೆ ಬಂದ ಕೈ ಮುಂದಕ್ಕೆ ಚಾಚಲಿಲ್ಲ, ಮಡಚಿಕೊಂಡು ಎದೆಗೆ ಬಂತು.

"ನಾಳೆ ತಗೊ," ಅಂದ.

ಒತಿಲಿಯಾ ಅವನ ಮುಖ ನೋಡಿದಳು. ಟೇಪನ್ನು ಮತ್ತೆ ಸುತ್ತಲಿಲ್ಲ. ಅದನ್ನು ಹಾಗೇ ಯಂತ್ರದ ಮೇಲೆ ಬಿಟ್ಟು, ಆರಿದ ಕೆಟಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.