ಕೆಂಪು ಅಂಚಿನ ಕೇಬಲ್

ಲಕ್ವ ಹೊಡೆದ ಮೇಲೆ ಅಕ್ಕನ ಬಲಗೈ ನಡುಗುತ್ತಿತ್ತು. ಆದರೂ ತನ್ನ ಸಿಂಥಸೈಜರ್ ವಾದ್ಯಕ್ಕೆ ಬೇಕಾದ, ಸ್ವರ ಹುಟ್ಟಿಸುವ ಮಾಡ್ಯೂಲಿನ ಬಿಡಿಭಾಗಗಳನ್ನು ತರಿಸಿ ತಾನೇ ಬೆಸುಗೆ ಹಾಕಿದಳು. "ಅಯ್ಯೋ ಪಾಪ ಅನ್ನೋ ಮುಖ ಹೊತ್ಕೊಂಡು ಕೂತ್ಕೋಬೇಡ, ಕೈಯೂ ಹಾಕ್ಬೇಡ," ಎಂದು ತಂಗಿಗೆ ಮೊದಲೇ ತಾಕೀತು ಮಾಡಿದ್ದಳು.

ಈಗ ಮಾಡ್ಯೂಲನ್ನು ವಾದ್ಯದ ಪೆಟ್ಟಿಗೆಯೊಳಗೆ ಕೂರಿಸಿ ಅಕ್ಕ ಸ್ವಿಚ್ಚಿನತ್ತ ಕೈ ಚಾಚಿದಾಗ ತಂಗಿಯ ಕಣ್ಣು ಅದಕ್ಕೆ ಕರೆಂಟು ಕೊಡುವ ಕೇಬಲ್ಲಿನ ಮೇಲೆ ಬಿತ್ತು. ಅದರ ಕೆಂಪು ಅಂಚು ಇರಬೇಕಾದ ಬದಿಯಲ್ಲಿರಲಿಲ್ಲ. ಕರೆಂಟು ಹರಿದರೆ ಎಲ್ಲ ಸುಟ್ಟುಹೋಗುತ್ತಿತ್ತು. ಬಾಯಿಬಿಟ್ಟರೆ ಅಕ್ಕ ನೊಂದು ಇನ್ನೆಂದೂ ಈ ಕೆಲಸ ಮುಟ್ಟಲಾರಳೇನೋ ಎಂದು ತಂಗಿ ಅಂಜಿದಳು.

"ತಡಿ ಅಕ್ಕ. ಕೇಬಲ್ ಉಲ್ಟಾ ಇದೆ."

ಅಕ್ಕ ದುರುಗುಟ್ಟಿ ನೋಡಿದಳು. ಬಗ್ಗಿ ಕೇಬಲ್ ಕಿತ್ತಳು. ತಿರುಗಿಸಿ ಸಿಕ್ಕಿಸಲು ಹೋದರೆ ಬೆರಳು ಮಾತು ಕೇಳಲಿಲ್ಲ.

"ನೀನೇ ಹಾಕು," ಎಂದು ತಂಗಿಯ ಕೈಗಿತ್ತಳು. "ಸ್ವಿಚ್ ಮಾತ್ರ ನಾನೇ ಒತ್ತೋದು."

ತಂಗಿ ಸಿಕ್ಕಿಸಿದಳು. ಅಕ್ಕ ಒತ್ತಿದಳು. ಸ್ಪೀಕರಿನಿಂದ ದಪ್ಪನೆಯ ಸ್ವರವೊಂದು ಎದ್ದು ಮೇಜನ್ನೇ ಅದುರಿಸಿತು.