ನಲವತ್ತೊಂದನೇ ನಂಬರಿನ ಪಂಪು

"ಪಂಪು ಬೇಕಂದ್ರೆ ಎಲ್ಡು ದಿಸ ಗೇದು ಕೊಡು. ಬಿಟ್ಟಿ ಹೊತ್ಕೊಂಡೋಗಕ್ಕೆ ನಿಮ್ಮಪ್ಪ ತಂದಿಕ್ಕವ್ನೇನಮ್ಮಿ, ಮುಂಡೇದೇ?"

ಜಗಲಿಯ ಮೇಲಿಂದ ಬೋರೇಗೌಡ ಕ್ಯಾಕರಿಸಿ ಉಗಿದ. ಬೀದಿಯಲ್ಲಿ ನಿಂತಿದ್ದ ಮಾಯಮ್ಮ, "ಆಯ್ತು ಬುದ್ಧಿ" ಅಂದಳು. ಅನ್ನದೆ ಏನು ಮಾಡಿಯಾಳು? ಅವಳ ಒಂದೆಕರೆ ಹತ್ತಿಗೆ ಕಾಯಿಕೊರಕ ಹುಳ ಬಿದ್ದಿತ್ತು. ಔಷಧಿ ಹೊಡೆಯದಿದ್ದರೆ ವಾರದಲ್ಲಿ ಕಾಯಿಯೊಳಗೆ ಬರೀ ಹಿಕ್ಕೆ. ಎರಡು ದಿನ ಗೌಡನ ಹೊಲಕ್ಕೆ ಹೊಡೆದರೆ ಒಂದು ದಿನ ತನ್ನ ಹೊಲಕ್ಕೆ, ಇದು ಅಲ್ಲಿಯ ಲೆಕ್ಕ. ಹಿಂದೆಯೂ ಹೀಗೇ ಹೊತ್ತಿದ್ದ ಆ ಹಳದಿ ಪಂಪು ಸೋರಿ ಸೋರಿ ಅವಳ ಬೆನ್ನಿನ ಚರ್ಮ ಹಾವಿನ ಪೊರೆಯಂತೆ ಸುಲಿದಿತ್ತು. ಪಂಪಿನ ಮೇಲೆ ಕೆಂಪು ಬಣ್ಣದಲ್ಲಿ ೪೧ ಎಂದು ಬರೆದಿತ್ತು. ಸಾಕ್ಷರತೆ ಕ್ಲಾಸಿನಲ್ಲಿ ಅಕ್ಷರ ಕಲಿತ ಮೇಲೆ ಬೆಂಕಿಪೊಟ್ಟಣ, ಬಸ್ಸಿನ ಬೋರ್ಡು, ಕಂಡದ್ದನ್ನೆಲ್ಲ ಓದುವ ಚಟ ಅವಳಿಗೆ.

ಆವತ್ತೇ ಶೀಳನೆರೆ ಬಸ್ಸಿನಲ್ಲಿ ಕೃಷಿ ಇಲಾಖೆಯ ಸಾಹೇಬರು ಬಂದಿಳಿದರು. ಹತ್ತಿ ಬೆಳೆಯುವವರಿಗೆ ಸರ್ಕಾರ ಯಾರಿಗೇನು ಸಹಾಯ ಕೊಟ್ಟಿದೆ ಅಂತ ಊರಿಗೆಲ್ಲ ಕಾಣುವಂತೆ ಪಟ್ಟಿ ಅಂಟಿಸಬೇಕಂತೆ, ಮೇಲಿಂದ ಆರ್ಡರಂತೆ. ಅಂಟಿಸಿಯೂ ಆಗಿತ್ತು, ಗೌಡನ ಜಗಲಿಯ ಗೋಡೆಗೆ. ಮಾಯಮ್ಮನಂಥ ಹೊಲಗೇರಿಯವರ ಕಾಲು ಆ ಜಗಲಿ ಮುಟ್ಟಿದ್ದೇ ಇಲ್ಲ. ಬೀದಿಯಿಂದ ನೋಡಿದರೆ ಅಕ್ಷರವೆಲ್ಲ ಇರುವೆ ಸಾಲು.

"ಎಲ್ಲರೂ ನೋಡಿದಿರೇನ್ರಪ್ಪಾ?" ಜಗಲಿಯಲ್ಲಿ ಕಾಫಿ ಕುಡಿಯುತ್ತ ಸಾಹೇಬರು ಬೀದಿಯಲ್ಲಿ ನೆರೆದವರನ್ನು ಕೇಳಿದರು.

"ನೋಡವ್ರೆ ಸಾ, ಬರ್ಕಳಿ," ಅಂದ ಗೌಡ.

"ನಮ್ಗೆ ಇಲ್ಲಿಂದ ಕಾಣಕ್ಕಿಲ್ಲ ಸ್ವಾಮಿ," ಅಂದಳು ಮಾಯಮ್ಮ.

"ಮೇಲೆ ಬಂದು ನೋಡಮ್ಮ."

ಅಂದುಬಿಟ್ಟ ಮೇಲೆ ಸಾಹೇಬರು ನಾಲಿಗೆ ಕಚ್ಚಿಕೊಂಡರು. ಪಕ್ಕದಲ್ಲಿ ನಿಂತಿದ್ದ ಗಂಡ ಕುಳ್ಳಯ್ಯ ಮಾಯಮ್ಮನ ಸೆರಗು ಜಗ್ಗಿದ. "ಬ್ಯಾಡ ಕಣಮ್ಮಿ. ನಾಳೀಕೂ ಇದೇ ಊರಲ್ಲಿ ಬಾಳ್ಬೇಕು."

ಮೂರೇ ಮೆಟ್ಟಿಲು. ಅವಳು ಹತ್ತಿದಳು. ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು: "ಮಾಯಮ್ಮ... ಗಂಡ ಕುಳ್ಳಯ್ಯ... ಔಷಧಿ ಪಂಪು ಒಂದು... ನಂಬರು ನಲವತ್ತೊಂದು... ಕೊಡಲಾಗಿದೆ."

ತಿರುಗಿ, ಜಗಲಿಯ ಕೆಳಗೆ ಒರಗಿಸಿದ್ದ ಹಳದಿ ಪಂಪು ನೋಡಿದಳು.

"ಅದು ನಂದಾ ಬುದ್ಧಿ? ನನ್ ಪಂಪಿಗೇ ನಾನು ಜೀತ ಗೇದ್ನಾ?"

"ಇಳಿಯೇ ಬೇವರ್ಸಿ ಲೌಡಿ!" ಗೌಡ ಎದ್ದ. ಕೈಯಲ್ಲಿ ಹೊಡೆದರೆ ಮೈಲಿಗೆ, ಅದಕ್ಕೆ ಚಪ್ಪಲಿ ಕಾಲಿಂದ ಒದ್ದ. ಮಾಯಮ್ಮ ಬೀದಿಗೆ ಬಿದ್ದಳು. ಗೌಡನ ಹೆಂಡತಿ ಯಶೋದಮ್ಮ ಬಿಂದಿಗೆ ನೀರು ತಂದು ಜಗಲಿಗೂ, ಬೆರಳು ತಾಗಿದ ಗೋಡೆಗೂ ಎರಚಿದಳು. ಪಟ್ಟಿಯ ನೀಲಿ ಶಾಯಿ ಕರಗಿ ಗೋಡೆಯುದ್ದಕ್ಕೂ ಇಳಿಯಿತು.

ಸಾಹೇಬರು ಪುಸ್ತಕ ಮುಚ್ಚಿದರು. "ಪಟ್ಟಿ ಎಲ್ಲರೂ ನೋಡಿದಾರೆ ಅಂತ ಬರ್ಕೊಂಡಿದೀನಿ. ದೂರಿದ್ರೆ ಆಫೀಸಿಗೆ ಬಾಮ್ಮ." ಅವರಿಗೆ ಬಸ್ಸಿನ ಹೊತ್ತಾಗಿತ್ತು.

ನಾಲ್ಕು ದಿನಕ್ಕೆ ಹೊಸ ಪಟ್ಟಿ ಬಂತು, ಅದೇ ಗೋಡೆಗೆ. ಅದರಲ್ಲಿ ಏನಿತ್ತೋ, ಬೀದಿಯಿಂದ ಕಾಣಲಿಲ್ಲ. ಅಷ್ಟರಲ್ಲಿ ಹುಳ ಅರ್ಧ ಹೊಲ ತಿಂದಿತ್ತು. ಮಾಯಮ್ಮ ಮತ್ತೆ ಹೋಗಿ ಜಗಲಿಯ ಮುಂದೆ ನಿಂತಳು.

"ಈಗ ನಾಕು ದಿಸ," ಅಂದ ಗೌಡ.

ಪಂಪಿನ ಮೇಲಿನ ಕೆಂಪು ಅಂಕಿಯನ್ನು ಯಾರೋ ಕುಡುಗೋಲಿನಿಂದ ಕೆರೆದಿದ್ದರು. ಗೌಡನ ಹೊಲದ ಬದುವಿನಲ್ಲಿ ಅದನ್ನಿಳಿಸಿ, ಮಾಯಮ್ಮ ಒಂದು ಚೂಪು ಬೆಣಚುಕಲ್ಲು ಹುಡುಕಿದಳು. ಕೆರೆದ ಜಾಗದಲ್ಲೇ ಮೊದಲು ೪ ಗೀಚಿದಳು, ಆಮೇಲೆ ೧.

"ತಿರ್ಗ ಕೆರೆದಾಕ್ತಾನೆ ಕಣಮ್ಮಿ," ಅಂದ ಕುಳ್ಳಯ್ಯ.

"ಕೆರೀಲಿ."

ಪಂಪು ಬೆನ್ನಿಗೇರಿಸಿ ಗೌಡನ ಸಾಲಿಗೆ ಔಷಧಿ ಹೊಡೆಯತೊಡಗಿದಳು. ಬದುವಿನಾಚೆ ಅವಳ ಹತ್ತಿಯನ್ನು ಹುಳ ತಿನ್ನುತ್ತಲೇ ಇತ್ತು.